ಹನ್ನೊಂದು ಸೈಕಲ್ಲು, ಏಳು ಗಾಡಿ

ಹನ್ನೊಂದು ಸೈಕಲ್ಲುಗಳನ್ನು ಒಂದು ಗುಡ್ಡಕ್ಕೆ ಮುಟ್ಟಿಸಲು ಏಳು ಡೀಸೆಲ್ ಗಾಡಿಗಳು ಬೇಕಾದವು ಎಂದರೆ ನೀವು ನಗುತ್ತೀರಿ. ಆ ಬೆಳಿಗ್ಗೆ ದಿಲಾವರನಿಗೂ ನಗು ಬಂದಿತ್ತು. ಹಾವೇರಿಯಿಂದ ನಾಲ್ಕು, ರಾಣೆಬೆನ್ನೂರಿನಿಂದ ಎರಡು ಗಾಡಿಗಳು ತಲೆಯ ಮೇಲೆ ಸೈಕಲ್ ಕಟ್ಟಿಕೊಂಡು ಬಂದು ದೇವರಗುಡ್ಡದಾಚೆಯ ಹುಲ್ಲುಗುಡ್ಡದ ಬುಡದಲ್ಲಿ ಸಾಲಾಗಿ ನಿಂತವು. ಒಬ್ಬೊಬ್ಬರಿಗೆ ಒಂದೊಂದು ಎನ್ನುವ ಹಾಗೆ, ಮನೆಯಷ್ಟಗಲದ ಗಾಡಿಗಳು. ಇಳಿದವರ ಮೈಮೇಲೆಲ್ಲ ಒಂದೇ ಹಸಿರು ಬಣ್ಣದ ಅಂಗಿ, ಬೆನ್ನ ಮೇಲೆ ‘ಹೊಗೆ ಬೇಡ, ಹಸಿರು ಬೇಕು’ ಎಂಬ ಅಚ್ಚು. ಅದನ್ನು ಓದಬೇಕಾದರೆ ಮೊದಲು ಅವರ ಗಾಡಿಗಳ ಹೊಗೆ ಸರಿಯಬೇಕಿತ್ತು.

ಏಳನೆಯ ಗಾಡಿ ದಿಲಾವರನ ಪಿಕಪ್. ಅವನು ಬ್ಯಾಡಗಿಯವನು. ಮೆಣಸಿನಕಾಯಿ ಸುಗ್ಗಿಯಲ್ಲಿ ಮಾರುಕಟ್ಟೆಯಿಂದ ಕೋಲ್ಡ್ ಸ್ಟೋರೇಜಿಗೆ, ಕೋಲ್ಡ್ ಸ್ಟೋರೇಜಿನಿಂದ ಮಾರುಕಟ್ಟೆಗೆ ದಿನವಿಡೀ ಚೀಲ ಹೊಡೆಯುವುದು ಅವನ ಕೆಲಸ. ಫೆಬ್ರುವರಿ ಎಂದರೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಆದರೂ ಈ ಭಾನುವಾರ ಬಂದಿದ್ದು ಮಗಳು ಬೇನಜೀರಳಿಗಾಗಿ. ಹದಿನೇಳು ವರ್ಷದ ಅವಳು ಹಾವೇರಿಯ ಸೈಕಲ್ ಸಂಘಕ್ಕೆ ಸೇರಿ ವರ್ಷವಾಗಿತ್ತು. ಕಲ್ಲು ಕೊರಕಲಿನಲ್ಲಿ ಸೈಕಲ್ ಓಡಿಸುವುದೆಂದರೆ ಅವಳಿಗೆ ಊಟ ನಿದ್ದೆ ಬೇಡ. ಹನ್ನೊಂದು ಜನರಲ್ಲಿ ಹುಡುಗಿ ಅವಳೊಬ್ಬಳೇ. ದಿಲಾವರನಿಗೆ ಒಂದು ಮಗಳು, ಒಂದು ಗಾಡಿ. ಮೂರನೆಯದು ಅಂತ ಹೇಳಿಕೊಳ್ಳಲು ಏನೂ ಇರಲಿಲ್ಲ.

ಸಂಘದ ಅಧ್ಯಕ್ಷ ಪರಮೇಶಪ್ಪ ಹಾವೇರಿಯಲ್ಲಿ ಬೀಜದ ಅಂಗಡಿ ಇಟ್ಟವನು. ಮಾತಾಡಲು ನಿಂತರೆ ಪರಿಸರ ಎಂಬ ಪದವಿಲ್ಲದೆ ಒಂದು ವಾಕ್ಯ ಮುಗಿಸುವವನಲ್ಲ. ಗುಡ್ಡದ ಬುಡದಲ್ಲಿ ನೀರು ಕುಡಿಸಲು ಇಳಿಸಿದ್ದ ಕುರಿಹಿಂಡು ಅವನ ಕಣ್ಣಿಗೆ ಬಿತ್ತು. ಹಿಂಡಿನ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರುಬರ ಮೈಲಾರಪ್ಪ ನಿಂತಿದ್ದ.

“ಏನಪಾ, ಹುಲ್ಲೆಲ್ಲಾ ಬೋಳಿಸಿಬಿಟ್ರ ಪರಿಸರ ಉಳಿತೈತೇನು? ನಮ್ಮ ಹುಡುಗ್ರು ಸೈಕಲ್ ಹೊಡೆಯೂ ದಾರಿ ಇದು. ಕುರಿ ಆ ಕಡೆ ಹೊಡಕೊಂಡ ಹೋಗು,” ಎಂದ ಪರಮೇಶಪ್ಪ.

“ನಾಕ ದಿನದಿಂದ ಮ್ಯಾಲಿನ ಹಾಸುಗಲ್ಲಿನ ಕಡೆ ಹಟ್ಟಿ ಹಾಕೇವ್ರಿ. ನೀರಿಗಂತ ಇಳದಿದ್ವು. ಹೋಗ್ತೇವ್ರಿ ಈಗ,” ಎಂದು ಮೈಲಾರಪ್ಪ ಎದುರು ಮಾತಾಡದೆ ಹಿಂಡನ್ನು ಮೇಲಕ್ಕೆ ತಿರುಗಿಸಿದ. ದಿಲಾವರನಿಗೆ ಕೆಡುಕೆನಿಸಿತು. ಆದರೆ ಮಗಳ ಸಂಘದ ಅಧ್ಯಕ್ಷನೆದುರು ಬಾಯಿ ತೆರೆಯುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

“ದಿಲಾವರ, ನಿನ್ನ ಪಿಕಪ್ ಅರ್ಧ ಗುಡ್ಡದ ತನಕ ತಂದು ನಿಲ್ಲಿಸು. ಯಾರರೆ ಬಿದ್ದು ಪೆಟ್ಟು ಮಾಡಿಕೊಂಡ್ರ ಲಗೂ ಇಳಿಸಾಕ ಬೇಕು,” ಎಂದು ಅಪ್ಪಣೆ ಕೊಟ್ಟು ಪರಮೇಶಪ್ಪ ಸೈಕಲ್ ಹತ್ತಿದ. ಬೇನಜೀರ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಅಪ್ಪನನ್ನು ನೋಡಿ, “ಅಬ್ಬಾ, ಅಂಜಬ್ಯಾಡ. ಮ್ಯಾಲಿಂದ ಕೈ ಮಾಡ್ತೇನಿ,” ಎಂದು ಹೊರಟಳು.

ಅರ್ಧ ಗುಡ್ಡ ಹತ್ತಿ, ಮೊಣಕಾಲುದ್ದದ ಒಣಹುಲ್ಲಿನ ನಡುವೆ ಒಂದಿಷ್ಟು ಸಮ ಜಾಗ ನೋಡಿ ದಿಲಾವರ ಗಾಡಿ ನಿಲ್ಲಿಸುವುದಕ್ಕೂ ಡ್ಯಾಶ್‌ಬೋರ್ಡಿನ ಹಳದಿ ದೀಪ ಮಿಣುಕುವುದಕ್ಕೂ ಸರಿಹೋಯಿತು.

ಈ ದೀಪದ ಕಾಟ ಬ್ಯಾಡಗಿಯ ಪಿಕಪ್ಪಿನವರಿಗೆ ಚೆನ್ನಾಗಿ ಗೊತ್ತು. ಹೊಸ ಗಾಡಿಗಳ ಹೊಟ್ಟೆಯ ಕೆಳಗೆ ಒಂದು ಡಬ್ಬಿ ಇರುತ್ತದೆ. ಹೊಗೆಯ ಮಸಿ ಹೊರಗೆ ಹೋಗದ ಹಾಗೆ ಅದು ಹಿಡಿದಿಟ್ಟುಕೊಳ್ಳುತ್ತದೆ. ದೂರದ ಊರಿಗೆ ಜೋರಾಗಿ ಓಡಿದರೆ ಡಬ್ಬಿ ಕಾದು ಮಸಿ ತಾನೇ ಸುಟ್ಟುಹೋಗುತ್ತದೆ. ಆದರೆ ಎರಡು ಕಿಲೋಮೀಟರಿಗೊಮ್ಮೆ ನಿಲ್ಲುವ ಮೆಣಸಿನಕಾಯಿ ಗಾಡಿ ಕಾಯುವುದು ಯಾವಾಗ? ಡಬ್ಬಿ ತುಂಬುತ್ತದೆ, ದೀಪ ಹತ್ತುತ್ತದೆ, ಅಲಕ್ಷ್ಯ ಮಾಡಿದರೆ ಗಾಡಿ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೆ ಮಾರುಕಟ್ಟೆಯವರು ಒಂದು ಉಪಾಯ ಕಂಡುಕೊಂಡಿದ್ದರು. ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಆಕ್ಸಿಲರೇಟರಿನ ಮೇಲೆ ಗೋಡೆ ಕಟ್ಟುವ ಒಂದು ಇಟ್ಟಂಗಿ ಇಟ್ಟು ಚಹಾ ಕುಡಿಯಲು ಹೋಗುವುದು. ಇಂಜಿನ್ ಇಪ್ಪತ್ತು ನಿಮಿಷ ಅರಚಿಕೊಳ್ಳುತ್ತದೆ, ಡಬ್ಬಿ ಕೆಂಪಗೆ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ದೀಪ ಆರುತ್ತದೆ. ಮೆಕ್ಯಾನಿಕ್ ಮಹಮ್ಮದಗೌಸ ಬೇಡವೆಂದು ಹಲ್ಲು ಕಡಿದು ಹೇಳಿದರೂ ಒಬ್ಬರೂ ಬಿಟ್ಟಿರಲಿಲ್ಲ. ಎಲ್ಲರ ಸೀಟಿನ ಕೆಳಗೂ ಒಂದೊಂದು ಇಟ್ಟಂಗಿ ಇರುತ್ತಿತ್ತು.

ದಿಲಾವರ ಇಟ್ಟಂಗಿ ತೆಗೆದ, ಇಟ್ಟ, ಇಳಿದ. ಯಾರಾದರೂ ಬಿದ್ದ ಹೊತ್ತಿಗೆ ಗಾಡಿ ಕೈಕೊಟ್ಟರೆ ಏನು ಗತಿ ಎನ್ನುವುದಷ್ಟೇ ಅವನ ತಲೆಯಲ್ಲಿತ್ತು. ಕಾಲ ಕೆಳಗೆ ಏನಿದೆ ಎಂದು ನೋಡಲೇ ಇಲ್ಲ. ಹನ್ನೆರಡು ತಿಂಗಳು ಸಿಮೆಂಟಿನ ಮೇಲೆ ಮಾಡಿದ ಕೆಲಸ, ಕೈ ತಾನಾಗಿ ಮಾಡಿ ಮುಗಿಸಿತು.

ನೂರು ಹೆಜ್ಜೆ ದೂರದ ಬಂಡೆ ಹತ್ತಿದರೆ ಸೈಕಲ್ಲಿನ ದಾರಿ ಕಾಣುತ್ತಿತ್ತು. ಹೋಗಿ ನಿಂತ. ಮೇಲೆ ಹನ್ನೊಂದು ಹಸಿರು ಚುಕ್ಕಿಗಳು. ಮೂರನೆಯದು ಅವನ ಮಗಳು. ಅವಳು ಒಂದು ಕೊರಕಲು ಹಾರಿಸಿದಾಗ ಅವನ ಎದೆ ಝಲ್ಲೆಂದಿತು, ಆಮೇಲೆ ಉಬ್ಬಿತು. ಹಿಂದಿನಿಂದ ಸುಟ್ಟ ವಾಸನೆ ಬಂತು. ಬರಲಿ, ಮಸಿ ಸುಡುತ್ತಿದೆ, ದೀಪ ಆರುತ್ತದೆ ಎಂದುಕೊಂಡ. ವಾಸನೆ ಇನ್ನೂ ಜಾಸ್ತಿಯಾಯಿತು. ಒಳ್ಳೆಯದೇ ಆಯಿತು ಎಂದುಕೊಂಡ ಪುಣ್ಯಾತ್ಮ. ತಿರುಗಿ ನೋಡುವ ಹೊತ್ತಿಗೆ ಗಾಡಿಯ ಕೆಳಗಿನಿಂದ ಬೆಂಕಿ ಎದ್ದು ಹುಲ್ಲು ಹಿಡಿದು ಮೇಲಕ್ಕೆ ಹರಿಯುತ್ತಿತ್ತು.

ಓಡಿಹೋಗಿ ಇಂಜಿನ್ ಆರಿಸಿದ, ಗೇರು ತಪ್ಪಿಸಿ ಗಾಡಿಯನ್ನು ಕೆಳಕ್ಕೆ ಜಾರಿಸಿ ನಿಲ್ಲಿಸಿದ. ಹಿಂದಿನ ಒಂದು ಗಾಲಿ ಉರಿಯುತ್ತಿತ್ತು, ಮಣ್ಣು ಎರಚಿ ಆರಿಸಿದ. ಸೈಕಲ್ಲಿಗೆ ಗೀರು ಬೀಳಬಾರದೆಂದು ಹಾಸಿದ್ದ ಖಾಲಿ ಚೀಲಗಳಲ್ಲಿ ಒಂದನ್ನು ಎಳೆದುಕೊಂಡು ಬೆಂಕಿಯನ್ನು ಬಡಿಯಲು ಶುರುಮಾಡಿದ. ಅದು ಮೆಣಸಿನಕಾಯಿ ಚೀಲ. ನಾಲ್ಕು ಏಟಿಗೆ ಅದಕ್ಕೇ ಬೆಂಕಿ ಹತ್ತಿ ಎದ್ದ ಘಾಟು ಅವನ ಕಣ್ಣು, ಮೂಗು, ಗಂಟಲು ಎಲ್ಲಕ್ಕೂ ಒಟ್ಟಿಗೆ ನುಗ್ಗಿತು. ಮಂಡಿಯೂರಿ ಕೆಮ್ಮಿದ, ವಾಂತಿ ಮಾಡಿಕೊಂಡ. ಕಣ್ಣು ಬಿಟ್ಟರೆ ಉರಿ, ಮುಚ್ಚಿದರೂ ಉರಿ. ಹುಲ್ಲು ಚಟಪಟ ಎನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಅದು ಮಗಳಿದ್ದ ಕಡೆಗೇ ಹೋಗುತ್ತಿತ್ತು.

ಅಂಥ ಅಂಜಿಕೆಯನ್ನು ದಿಲಾವರ ಜನ್ಮದಲ್ಲಿ ಕಂಡಿರಲಿಲ್ಲ. ಫೋನ್ ತೆಗೆದು ತಡವರಿಸುತ್ತ ಮಗಳಿಗೆ ಹಚ್ಚಿದ. ಸಿಗಲಿಲ್ಲ. ಮತ್ತೆ ಹಚ್ಚಿದ. ಸಿಗಲಿಲ್ಲ. “ಬೇನಜೀರ” ಎಂದು ಕೂಗಿದರೆ ಗಂಟಲಿನಿಂದ ಗಾಳಿಯಷ್ಟೇ ಹೊರಬಂತು. ಯಾ ಅಲ್ಲಾ, ನನ್ನನ್ನು ಸುಡು, ಅವಳನ್ನು ಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಬೆಂಕಿಯ ಹಿಂದೆ ಹತ್ತತೊಡಗಿದ.

ಸುಟ್ಟ ನೆಲ ಕೆಂಡದ ಹಾಗೆ ಇತ್ತು. ಚಪ್ಪಲಿಯ ಅಟ್ಟೆ ಕರಗಿ ಅಂಟತೊಡಗಿತು. ಹತ್ತು ಹೆಜ್ಜೆಗೊಮ್ಮೆ ಬೀಳುತ್ತ, ಕೈಯೂರಿ ಅಂಗೈ ಸುಟ್ಟುಕೊಂಡು ಏಳುತ್ತ ಹೋದ. ಹೊಗೆ ಸರಿದಾಗ ಎದುರಿಗೆ ಒಂದು ಸೈಕಲ್ ಬಿದ್ದಿತ್ತು. ಟೈರು ಉರಿಯುತ್ತಿತ್ತು. ಸ್ವಲ್ಪ ಆಚೆ ಇನ್ನೊಂದು. ಅದರಾಚೆ ಮತ್ತೆ ಮೂರು, ಒಂದರ ಮೇಲೊಂದು. ಬೇನಜೀರಳ ಸೈಕಲ್ಲಿನ ಹ್ಯಾಂಡಲ್ಲಿಗೆ ಹಸಿರು ರಿಬ್ಬನ್ ಇತ್ತು. ಆದರೆ ಈಗ ಯಾವ ಬಣ್ಣವೂ ಉಳಿದಿರಲಿಲ್ಲ, ಎಲ್ಲವೂ ಕಪ್ಪು. ಇವುಗಳಲ್ಲಿ ಅವಳದು ಯಾವುದು? ನೋಡಲೂ ಹೆದರಿಕೆ, ನೋಡದೆ ಮುಂದೆ ಹೋಗಲೂ ಹೆದರಿಕೆ. ಒಂದೊಂದರ ಸುತ್ತಲೂ ನೆಲ ನೋಡಿದ. ಯಾರೂ ಬಿದ್ದಿರಲಿಲ್ಲ. ಬಿದ್ದಿಲ್ಲವೆಂದರೆ ಎಲ್ಲಿ ಹೋದರು? ಮೇಲಕ್ಕೆ ಹೋದರೆ ಬೆಂಕಿ ಅವರಿಗಿಂತ ಜೋರಾಗಿ ಹತ್ತುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನು ಅಲ್ಲೇ ನಿಂತು ಸಣ್ಣ ಮಗುವಿನ ಹಾಗೆ ಅತ್ತ.

ಆಗ ಕುರಿ ಕೂಗಿದ್ದು ಕೇಳಿಸಿತು.

ಎಡಕ್ಕೆ, ಗುಡ್ಡದ ಹೆಗಲಿನ ಮೇಲೆ ಹಾಸುಗಲ್ಲಿನ ಜಾಗ. ನಾಲ್ಕು ದಿನ ಇನ್ನೂರು ಕುರಿಗಳು ಮೇದು, ಮಲಗಿ, ತುಳಿದು ಒಂದು ಎಸಳು ಹುಲ್ಲೂ ಉಳಿಯದಂತೆ ಬೋಳಾಗಿದ್ದ ನೆಲ. ಬೆಂಕಿ ಅದರ ಅಂಚಿನ ತನಕ ಬಂದು, ತಿನ್ನಲು ಏನೂ ಸಿಗದೆ ಎರಡೂ ಬದಿಯಿಂದ ಸರಿದುಹೋಗಿತ್ತು. ಹಿಂಡಿನ ನಡುವೆ, ಹಟ್ಟಿಯ ಒದ್ದೆ ಕಂಬಳಿಗಳ ಕೆಳಗೆ, ಹಸಿರು ಅಂಗಿಯವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಂತಿದ್ದರು. ಮೈಲಾರಪ್ಪ ಕೊಡದಲ್ಲಿ ಉಳಿದ ನೀರನ್ನು ಅವರ ತಲೆಯ ಮೇಲೆ ಸುರಿಯುತ್ತಿದ್ದ.

ದಿಲಾವರ ಎಣಿಸಿದ. ಹತ್ತು. ಮತ್ತೆ ಎಣಿಸಿದ. ಹತ್ತು. ಅಷ್ಟರಲ್ಲಿ ಒಂದು ಕಂಬಳಿಯ ಅಂಚು ಮೇಲೆದ್ದು, ಮಸಿ ಬಳಿದ ಮುಖವೊಂದು ಹೊರಬಂತು. ಅವಳ ಮಡಿಲಲ್ಲಿ ಒಂದು ಕುರಿಮರಿ ಇತ್ತು.

“ಅಬ್ಬಾ,” ಎಂದಳು ಬೇನಜೀರ. ಅವನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಎಷ್ಟು ಹೊತ್ತಾದರೂ ಬಿಡಲಿಲ್ಲ. ಅವಳು ಅವನ ಅಂಗಿ ಹಿಡಿದುಕೊಂಡೇ ಬಿಕ್ಕುತ್ತ, “ಈ ಕಾಕಾ ಸೀಟಿ ಹೊಡದು ಕರದ್ರು. ಸೈಕಲ್ ಒಗದು ಓಡಿಬರ್ರಿ ಅಂದ್ರು. ಇಲ್ಲಂದ್ರ ನಾವು ಯಾರೂ ಉಳಿತಿದ್ದಿಲ್ಲ,” ಎಂದಳು.

ಮುಕ್ಕಾಲು ಗಂಟೆಯ ಮೇಲೆ ಬೆಂಕಿ ನೆತ್ತಿಯ ಬಂಡೆಗೆ ತಾಗಿ ಆರಿತು. ಅರಣ್ಯದ ಗಾರ್ಡ್ ಇಬ್ಬರು ಕಾವಲುಗಾರರನ್ನು ಕರೆದುಕೊಂಡು ಏದುಸಿರು ಬಿಡುತ್ತ ಹತ್ತಿಬಂದ. ಬಂದವನೇ ಕೇಳಿದ್ದು, “ಬೆಂಕಿ ಹಚ್ಚಿದವ್ರು ಯಾರು?”

ಪರಮೇಶಪ್ಪನಿಗೆ ಅಷ್ಟರಲ್ಲಿ ಜೀವ ಮರಳಿ ಬಂದಿತ್ತು, ಜೀವದ ಜೊತೆ ನಾಲಿಗೆಯೂ. ಅವನ ತಲೆಯ ಮೇಲೆ ಇನ್ನೂ ಮೈಲಾರಪ್ಪನ ಕಂಬಳಿಯೇ ಇತ್ತು. “ಇನ್ಯಾರು ಹಚ್ತಾರ್ರಿ? ಹೊಸಾ ಹುಲ್ಲು ಚಿಗೀಲಿ ಅಂತ ಈ ಕುರಿಯವ್ರ ಹಚ್ತಾರ. ವರ್ಷಾ ನೋಡೂದಿಲ್ಲೇನ್ರಿ? ಮುಂಜಾನೆ ನಾನು ಬೈದಿದ್ದೆ, ಆ ಸಿಟ್ಟೂ ಇರಬೇಕು,” ಎಂದ.

ಮೈಲಾರಪ್ಪ ಕೊಡ ಕೆಳಗಿಟ್ಟ. “ನನ್ನ ಕುರಿ ಇಲ್ಲೇ ಅದಾವ್ರಿ. ನನ್ನ ಮರಿ ಸುಡಾಕ ನಾ ಬೆಂಕಿ ಹಚ್ಚತೇನೇನ್ರಿ?” ಎಂದ. ಗಾರ್ಡ್ ಅವನ ಹೆಸರು, ಊರು ಕೇಳಿ ಬರೆದುಕೊಳ್ಳತೊಡಗಿದ. ಕಾವಲುಗಾರನೊಬ್ಬ ಅವನ ರಟ್ಟೆ ಹಿಡಿದ.

ದಿಲಾವರ ಸುಮ್ಮನಿದ್ದರೆ ಮುಗಿಯಿತು. ಗಾಡಿಯ ಗಾಲಿ ಸುಟ್ಟಿದ್ದನ್ನು ನೋಡಿದವರು ಪಾಪ, ಇವನಿಗೂ ನಷ್ಟವಾಯಿತು ಎಂದಾರು. ಬಾಯಿ ಬಿಟ್ಟರೆ ಕೇಸು, ಗಾಡಿ ಜಪ್ತಿ, ಜೈಲು. ಅದಕ್ಕಿಂತ ಹೆಚ್ಚಾಗಿ, ಈಗಷ್ಟೇ ಸಾವಿನಿಂದ ಮರಳಿ ಬಂದ ಮಗಳು. ಅವಳ ಕೈ ಇನ್ನೂ ಅವನ ತೋಳಿನ ಮೇಲಿತ್ತು.

“ಇವ್ರಲ್ಲ ಸರ್,” ಎಂದಳು ಬೇನಜೀರ ಗಾರ್ಡ್ ಕಡೆ ತಿರುಗಿ. “ನಮ್ಮ ಅಬ್ಬಾ ಕೆಳಗ ಇದ್ರು. ಬೆಂಕಿ ಎದ್ದದ್ದು ಅಲ್ಲೇ. ಅವ್ರು ನೋಡಿರ್ತಾರ, ಅವ್ರು ಸುಳ್ಳು ಹೇಳೂದಿಲ್ಲ. ಅಬ್ಬಾ, ಯಾರು ಹಚ್ಚಿದ್ರು ಹೇಳು.”

ಎಲ್ಲರೂ ಅವನನ್ನೇ ನೋಡಿದರು. ಬೆಂಕಿಯ ಹಿಂದೆ ಹತ್ತುವಾಗ ಆಗಿದ್ದ ಅಂಜಿಕೆ ಇದರ ಮುಂದೆ ಏನೂ ಅಲ್ಲ ಅನಿಸಿತು ದಿಲಾವರನಿಗೆ. ಅಳುವ ಕಣ್ಣು ಒರೆಸಿಕೊಂಡ. ಮೆಣಸಿನಕಾಯಿ ಹತ್ತಿದ ಕೈ, ಕಣ್ಣು ಮತ್ತಷ್ಟು ಉರಿಯಿತು.

“ಅಂವನ ಕೈ ಬಿಡ್ರಿ,” ಎಂದ. “ನನ್ನ ಗಾಡಿಯಿಂದ ಹತ್ತೈತಿ. ಹುಲ್ಲಿನ ಮ್ಯಾಲ ನಿಲ್ಲಿಸಿ, ಇಂಜಿನ್ ಜೋರು ಮಾಡಿ ಬಿಟ್ಟು ಹೋಗಿದ್ದೆ. ಸೈಲೆನ್ಸರ್ ಕಾದು ಹತ್ತಿತು. ಯಾರೂ ಹಚ್ಚಿಲ್ಲ, ನಾನ ಹಚ್ಚೇನಿ.”

ಪರಮೇಶಪ್ಪ ಕಂಬಳಿ ಕಿತ್ತೊಗೆದು, ಈ ಗಾಡಿಗೂ ಸಂಘಕ್ಕೂ ಸಂಬಂಧವಿಲ್ಲ, ಬಾಡಿಗೆ ಗಾಡಿ ಎಂದು ಬರೆದುಕೊಳ್ಳಿರಿ ಎಂದು ಗಾರ್ಡಿಗೆ ಹೇಳತೊಡಗಿದ. ಗಾರ್ಡ್ ಮೈಲಾರಪ್ಪನ ಹೆಸರು ಹೊಡೆದುಹಾಕಿದ. “ನಡಿ, ಎಲ್ಲಿ ಹತ್ತಿತು ತೋರಿಸು,” ಎಂದ.

ತೋಳಿನ ಮೇಲಿನ ಕೈ ಯಾವಾಗ ಹೋಯಿತೋ ದಿಲಾವರನಿಗೆ ತಿಳಿಯಲಿಲ್ಲ. ಅವನು ಕರಿ ನೆಲದ ಮೇಲೆ ಇಳಿಯತೊಡಗಿದ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದ. ಬೇನಜೀರ ನಾಲ್ಕು ಮಾರು ಹಿಂದೆ ಬರುತ್ತಿದ್ದಳು. ಅವನು ನಿಂತ. ಅವಳೂ ನಿಂತಳು.

“ಬೇಟಾ, ಏನರೆ ಮಾತಾಡು. ನನಗ ಭಾಳ ಅಂಜಿಕಿ ಆಗಾಕತ್ತೈತಿ,” ಎಂದ.

ಅವಳು ನೆಲ ನೋಡುತ್ತ ಹೇಳಿದಳು: “ಕಂಬಳಿ ಒಳಗ ಕುಂತಾಗ ನಾ ಅಲ್ಲಾನ ಮುಂದ ಆಣಿ ಮಾಡೇನಿ ಅಬ್ಬಾ. ಈ ಬೆಂಕಿ ಹಚ್ಚಿದವ್ರ ಮಾರಿ ಜನ್ಮದಾಗ ನೋಡೂದಿಲ್ಲ ಅಂತ.”

ಗಾರ್ಡ್ ಕೆಳಗಿನಿಂದ ಲಗೂ ಬಾ ಎಂದು ಕರೆದ. ದಿಲಾವರ ಮುಂದೆ ನಡೆದ. ಅವಳು ಅವನ ಮುಖದ ಕಡೆ ತಲೆ ಎತ್ತದೆ, ಅದೇ ನಾಲ್ಕು ಮಾರು ಹಿಂದೆ, ಗಾಡಿಯ ತನಕ ಬಂದಳು.