ತಮ್ಮನ ಹಾಡು

ನಾಗವ್ವ ಪೆನ್ನಿನ ಮುಚ್ಚಳ ತೆಗೆದು ಕಾದು ಕೂತಿದ್ದಳು. ಒಂದು ವಾರದಿಂದ ಸೀರಿಯಲ್ ಡಬ್ಬದ ರಟ್ಟು, ಗ್ರೋಸರಿ ರಸೀದಿಯ ಬೆನ್ನು, ಸಿಕ್ಕಿದ್ದರ ಮೇಲೆಲ್ಲ ಸಹಿ ರೂಢಿ ಮಾಡಿ, ಕ್ಯುಪರ್ಟಿನೋದ ಮಗಳ ಮನೆಯನ್ನು ಪಂಚಾಯಿತಿ ಕಚೇರಿ ಮಾಡಿಟ್ಟಿದ್ದಳು.

“ಮದ್ಲ ಹಾಡ ಕೇಳಸು, ಆಮ್ಯಾಲ ಸಹಿ. ಕೇಳಲಾರದ ಸಹಿ ಹಾಕೋದು ನಮ್ಮನ್ಯಾಗಿಲ್ಲ.”

“ಅಜ್ಜಿ, ಟೈಮ್ ಇಲ್ಲ. ಪ್ಲೀಸ್, ಸೈನ್ ಮಾಡ್ಬಿಡಿ. ಆಮೇಲೆ ಕೇಳಿಸ್ತೀನಿ.”

“ಎರಡ ನಿಮಿಷದ ಹಾಡಿಗೆ ಟೈಮ್ ಇಲ್ಲೇನು?”

ಮೊಮ್ಮಗಳು ನಿಹಾರಿಕಾ ಗಡಿಯಾರ ನೋಡಿದಳು. ನಾಲ್ಕೂ ನಲವತ್ತು. ಹಾಡಿದವಳ ಸಹಿ ಇರುವ ಒಪ್ಪಿಗೆ ಪತ್ರ ಐದರೊಳಗೆ ಹೋಗದಿದ್ದರೆ ಕಂಪನಿಯವರು ಬೇರೆ ಯಾರದೋ ಹಾಡು ಆರಿಸುತ್ತಾರೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯ ಅಧಿಕೃತ ಗೀತೆ ಅದು. ಬರ್ಕ್ಲಿಯ ಬಾಡಿಗೆ ಕೋಣೆಯಲ್ಲಿ ಐದು ವರ್ಷ ಜಾಹೀರಾತುಗಳಿಗೆ ಟ್ಯೂನು ಕಟ್ಟಿ ಸವೆದವಳ ಕೈಗೆ ಬಂದ ತುತ್ತು ಬಾಯಿಗೆ ಬರಲು ಇನ್ನು ಒಂದು ಸಹಿ ಬಾಕಿ ಇತ್ತು.

ಹೋದ ವರ್ಷ ಪಂಚಮಿಗೆ ಎಂಟು ದಿನವಿದ್ದಾಗ ನಿಹಾರಿಕಾ ಇದೇ ಮೇಜಿನ ಎದುರು ಅಜ್ಜಿಯಿಂದ ಬೀಸುವ ಹಾಡುಗಳನ್ನು ಹಾಡಿಸಿದ್ದಳು. ನಡುವೆ ಯಾವುದೋ ಫೋನಿಗೆಂದು ಅಜ್ಜಿ ಒಳಗೆ ಹೋದಳು, ಬಂದಳು, ಕೂತು ಮತ್ತೊಂದು ಶುರು ಮಾಡಿದಳು. ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರುವ ತಮ್ಮನ ಹಾಡು. ಹೆಡ್‌ಫೋನು ಹಾಕಿ ಕಣ್ಣು ಮುಚ್ಚಿದ್ದ ನಿಹಾರಿಕಾ, ಇದು ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಮೈಕನ್ನು ಇನ್ನೂ ಹತ್ತಿರ ಹಿಡಿದಳು. ಕಂಪನಿಯವರು ಮೆಚ್ಚಿದ್ದೂ ಅದನ್ನೇ.

ಈ ಸೋಮವಾರ ಅಮ್ಮ ಮಾಧುರಿ ಅದನ್ನು ಕೇಳಿ, ತೊಳೆಯುತ್ತಿದ್ದ ಪಾತ್ರೆಯನ್ನು ಸಿಂಕಿನಲ್ಲೇ ಬಿಟ್ಟಳು. “ಇದ ಹಾಡಲ್ಲ, ನೀಹಾ. ನಮ್ಮ ಕಡೆ ಹೆಂಗಸ್ರು ಸತ್ತವರ ಮುಂದ ಹಿಂಗ ಹಾಡ್ಯಾಡಿ ಅಳ್ತಾರ. ಅವ್ವನ ತಮ್ಮ, ಸಿದ್ಧಾರೂಢ ಮಾಮಾ ಹೋದ ಸುದ್ದಿ ಫೋನಿನ್ಯಾಗ ಬಂದಿತ್ತಲ್ಲ, ಆ ದಿನದ್ದಿದು.”

ತಾನೇ ಅಜ್ಜಿಗೆ ಹೇಳುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟವಳು ಶುಕ್ರವಾರದವರೆಗೂ ಹೇಳಿರಲಿಲ್ಲ. ಸಹಿ ಬೀಳಲಿ, ಆಮೇಲೆ ಕಾಲು ಹಿಡಿದರಾಯಿತು ಎಂಬ ಲೆಕ್ಕ ಅವಳದು.

ಬೇರೆ ದಾರಿಯಿಲ್ಲದೆ ಹಾಡು ಹಚ್ಚಿದಳು. ಡ್ರಮ್ಮು ಬಂತು. ನಾಗವ್ವನ ಮುಖ ಅರಳಿತು, ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಆಮೇಲೆ ಅವಳದೇ ದನಿ: ಕರಿಯಾಕ ಯಾರ ಬರತಾರೊ ತಮ್ಮಾ... ಅದರ ಹಿಂದೆಯೇ ಸಾವಿರ ಕಂಠಗಳು ಒಟ್ಟಿಗೆ, “ತಮ್ಮಾ! ತಮ್ಮಾ!” ಸಾಂತಾ ಕ್ಲಾರಾದ ಸ್ಟೇಡಿಯಮ್ಮಿನಲ್ಲಿ ಜನ ಎದ್ದು ಕುಣಿಯಬೇಕಾದ ಜಾಗ ಅದು. ನಾಗವ್ವನ ಬೆರಳು ನಿಂತಿತು.

ಹಾಡು ಮುಗಿಯಿತು.

“ಇದ ಅಳು ಅಂತ ನಿನಗ ಗೊತ್ತಿತ್ತೇನು?”

“ಇಲ್ಲ ಅಜ್ಜಿ. ಐ ಥಾಟ್ ಇಟ್ ವಾಸ್ ಎ ಸಾಂಗ್.”

“ಈಗ?”

“ಹ್ಞೂಂ.”

“ಎಂದಿನಿಂದ?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜಿ ಇನ್ನೂ ಪೆನ್ನು ಹಿಡಿದೇ ಇದ್ದಳು. “ಸೋಮವಾರದಿಂದ,” ಎಂದಳು ನಿಹಾರಿಕಾ.

ನಾಗವ್ವ ಕಿಟಕಿಯ ಕಡೆ ನೋಡಿದಳು. “ಅಳೂ ಹೆಂಗಸನ್ನ ಒಂಟಿ ಬಿಡಬಾರದವ್ವಾ. ಇನ್ನೊಬ್ಬಾಕಿ ಬಂದು ಕೊಳ್ಳ ತಬ್ಬಬೇಕು. ಅವತ್ತ ನೀ ಮುಂದ ಸರದಿ. ಕೊಳ್ಳ ಹಿಡಿಯಾಕ ಬಂದಿ ಅಂದಕೊಂಡೆ. ಮೈಕ ಹಿಡದಿ.”

ನಿಹಾರಿಕಾಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಸಾರಿ ಎನ್ನಲೂ ನಾಚಿಕೆಯಾಯಿತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

ನಾಗವ್ವ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. “ಸಹಿ ಹಾಕಿದ್ರ ನಿನ್ನ ಹೆಸರ ಬರತೈತಿ?”

“ಬರುತ್ತೆ.”

“ಹಾಕಲೇನು? ನೀ ಹಾಕು ಅಂದ್ರ ಹಾಕತೀನಿ.”

ಅದರಲ್ಲಿ ಕೊಂಕಿರಲಿಲ್ಲ. ಹಾಕು ಎಂದರೆ ಅಜ್ಜಿ ನಿಜಕ್ಕೂ ಹಾಕುತ್ತಾಳೆಂದು ನಿಹಾರಿಕಾಗೆ ಗೊತ್ತಿತ್ತು, ಕಷ್ಟವಾದದ್ದು ಅದೇ. ಕಾಗದವನ್ನೊಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ಅಜ್ಜಿಯ ಬೆರಳುಗಳಿಂದ ಪೆನ್ನು ಬಿಡಿಸಿ ಮುಚ್ಚಳ ಹಾಕಿದಳು.

“ಬೇಡ, ಅಜ್ಜಿ.”

ನಾಗವ್ವ ಮೊಣಕಾಲು ಹಿಡಿದು ಎದ್ದಳು. “ಹಂಗಾದ್ರ ಏಳು. ಸಾವಿನ ಅಳು ಕೇಳಿ ಹಂಗ ಕುಂಡ್ರಬಾರದು. ತಲಿಮ್ಯಾಲ ನೀರ ಹಾಕ್ಕೋಬೇಕು. ನೀನೂ ನನ್ನ ತಮ್ಮನ ಮೊಮ್ಮಗಳ ಅಲ್ಲೇನು?”

ಬಚ್ಚಲಲ್ಲಿ ನಿಹಾರಿಕಾ ಉಟ್ಟ ಬಟ್ಟೆಯಲ್ಲೇ ತಲೆ ಬಗ್ಗಿಸಿ ಕೂತಳು. ಎರಡನೇ ಚೊಂಬು ಸುರಿಯುವಾಗ ಅಜ್ಜಿಯ ಅದೇ ಅಳುವಿನ ದನಿ ಮೆಲ್ಲಗೆ ಎದ್ದಿತು. ನಿಹಾರಿಕಾ ಒದ್ದೆ ಕೈಗಳಲ್ಲೇ ಅವಳ ಕೊರಳು ತಬ್ಬಿದಳು. ಹೊರಗೆ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು.