ಮಾತಿನ ಗುಳ್ಳೆ

"ತೊಳ್ದಿಟ್ಟೆ ಕಣವ್ವ," ಎಂದರು ಪೀರ್ ಪಾಷಾ, ಒದ್ದೆ ಕೈಗಳನ್ನು ಲುಂಗಿಗೆ ಒರೆಸಿಕೊಳ್ಳುತ್ತಾ. "ಸ್ಕ್ರೀನ್ನ ಅಂಗೇ ಬುಟ್ರೆ ಬಣ್ಣ ಒಣಗಿ ಬಟ್ಟೆ ಕಟ್ಕತದೆ."

ನಾಗಶ್ರೀ ಬಾಗಿಲಲ್ಲೇ ನಿಂತಳು. ಗೋಡೆಗೆ ಒರಗಿಸಿದ್ದ ಅಚ್ಚಿನ ಚೌಕಟ್ಟಿನ ಬಟ್ಟೆಯಲ್ಲಿ ಒಂದಕ್ಷರವೂ ಉಳಿದಿರಲಿಲ್ಲ, ನೀರು ತೊಟ್ಟಿಕ್ಕುತ್ತಿತ್ತು.

ಕೆಲಸ ಮುಗಿದಿರಲಿಲ್ಲ. ತಂತಿಗೆ ನೇತುಹಾಕಿದ್ದ ಇಪ್ಪತ್ತು ಹಾಳೆಗಳ ಮೇಲೆ ಹಳದಿ, ಗುಲಾಬಿ, ನೀಲಿ ಮಾತ್ರ ಬಿದ್ದಿದ್ದವು. ಕಾಮಿಕ್ಸ್ ಪುಸ್ತಕದಿಂದ ಎದ್ದು ಬಂದಂಥ ಹೆಂಗಸು. ಕೆನ್ನೆ ತುಂಬ ಗುಲಾಬಿ ಚುಕ್ಕಿ, ಕಿವಿಗೆ ಫೋನು, ಕಣ್ಣಂಚಿನಲ್ಲಿ ದಪ್ಪನೆಯ ನೀಲಿ ಹನಿ. ಅವಳ ಬಾಯಿಂದ ಹೊರಟ ಗುಳ್ಳೆಯೊಳಗೆ ಇವತ್ತು ಕಪ್ಪು ಬಣ್ಣದಲ್ಲಿ 'ಬುಡು, ನಾ ಬರಕ್ಕಿಲ್ಲ!' ಎಂದು ಅಚ್ಚಾಗಬೇಕಿತ್ತು. ಸೋಮವಾರ ಮೈಸೂರಿನಲ್ಲಿ ನಾಗಶ್ರೀಯ ಮೊದಲ ಚಿತ್ರಪ್ರದರ್ಶನ.

ಆ ಅಕ್ಷರ ಪಾಷಾ ಅವರದು. ಮದ್ದೂರಿನ ಈ ಅಂಗಡಿಯಲ್ಲಿ ನಲವತ್ತು ವರ್ಷ ಮದುವೆ ಕಾರ್ಡು ಬರೆದು ಅಚ್ಚು ಹಾಕಿದ ಕೈ. ಕಂಪ್ಯೂಟರಿನ ಯಾವ ಅಕ್ಷರಕ್ಕೂ ಆ ಬಾಗು ಬರುವುದಿಲ್ಲವೆಂದು ಅವಳು ಮಂಡ್ಯದಿಂದ ಇಲ್ಲಿಗೇ ಬಂದಿದ್ದಳು.

"ನೀವು ಬರೆದ ಪ್ಲಾಸ್ಟಿಕ್ ಹಾಳೆ ಎಲ್ಲಿ ಸಾಬ್ರೇ?" ಅದೊಂದಿದ್ದರೆ ಸ್ಕ್ರೀನನ್ನು ಮತ್ತೆ ಮಾಡಿಕೊಳ್ಳಬಹುದಿತ್ತು.

"ಅದ್ನೂ ಒರಸ್ದೆ. ಇನ್ನೊಂದ್ ಕೆಲ್ಸುಕ್ಕೆ ಆಯ್ತದಲ್ಲ?"

ಅವಳ ಫೋನಿನಲ್ಲಿ ಒಂದು ಫೋಟೊ ಇತ್ತು. ಅದರಲ್ಲಿ ಪಾಷಾ ನಗುತ್ತಾ ನಿಂತಿದ್ದರು. ಅಕ್ಷರಗಳು ಅವರ ಬೆನ್ನ ಹಿಂದೆ ಮರೆಯಾಗಿದ್ದವು.

ಒಳಗಿನಿಂದ ಅವರ ಮಗಳು ಜಾಕಿಯಾ ಬಂದಳು. ಅಂಗಡಿ ಈಗ ಅವಳದೇ ಜವಾಬ್ದಾರಿ. ಚೌಕಟ್ಟನ್ನೂ ಅಪ್ಪನನ್ನೂ ನೋಡಿದಳು. "ಅಬ್ಬಾ, ಇದುನ್ನ ಮುಟ್ಬ್ಯಾಡಿ ಅಂತ ಬೆಳಿಗ್ಗೆ ಎರಡ್ ಸಲ ಹೇಳ್ಲಿಲ್ವಾ?"

"ಯಾವಾಗ ಹೇಳ್ದೆ?"

"ನಿದ್ದೆ ಸಾಲ್ದು ಇವ್ರಿಗೆ," ಎಂದಳು ಜಾಕಿಯಾ, ನಾಗಶ್ರೀಯ ಮುಖ ನೋಡದೆ. "ಮೊನ್ನೆ ಮನೆ ದಾರಿ ತಪ್ಪಿದ್ದೂ ಅದುಕ್ಕೇ."

ನಾಗಶ್ರೀ ಒಂದು ತಿಂಗಳಿಂದ ಗಮನಿಸುತ್ತಿದ್ದಳು. ಕುಡಿದ ಟೀಯನ್ನೇ ಮತ್ತೆ ಕೇಳುವುದು, ಒಂದೇ ಬಣ್ಣದ ಡಬ್ಬಿಯನ್ನು ಮೂರು ಸಲ ಕಲಕುವುದು. ಡಾಕ್ಟರಿಗೆ ತೋರಿಸಿ ಎನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದಳು. ಜಾಕಿಯಾಗೆ ಬೇಜಾರಾದೀತೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಕೆಲಸ ನಿಂತುಹೋದೀತೆಂಬ ಭಯವೇ ದೊಡ್ಡದಿತ್ತು.

"ಇನ್ನೊಂದ್ಸಲ ಬರ್ಕೊಡ್ತಾರೆ, ಬುಡು," ಎಂದಳು ಜಾಕಿಯಾ. "ಅಬ್ಬನ ಕೈ ಏನ್ ಎಲ್ಲೂ ಓಗಿಲ್ಲ."

"ಕೈ ಐತೆ. ಟೀ ಎಲ್ಲಿ?"

"ಈಗ್ತಾನೆ ಕುಡುದ್ರಲ್ಲ!"

"ನೀನು ಕೊಡೋ ಟೀ ಗಂಟ್ಲು ದಾಟಾಕಿಲ್ಲ ಕಣಮ್ಮಿ, ಅದುಕ್ಕೇ ಗ್ಯಾಪ್ನ ಇರಾಕಿಲ್ಲ," ಎಂದು ನಕ್ಕರು. ಮೂವರೂ ನಕ್ಕರು. ಜಾಕಿಯಾ ಸ್ವಲ್ಪ ಜಾಸ್ತಿಯೇ ನಕ್ಕಳು.

ಕಿಟಕಿ ಬಳಿ ಹೊಸ ಹಾಳೆ ಹಾಸಿ, ಗುಳ್ಳೆಯ ಅಳತೆಗೆ ಗೆರೆ ಹಾಕಿಕೊಟ್ಟಳು ನಾಗಶ್ರೀ. ಬರೆಯಬೇಕಾದ ಮಾತನ್ನು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟಳು. ಪಾಷಾ ಚೀಟಿಯನ್ನು ಓದಿ ತಲೆಯಾಡಿಸಿ ಬ್ರಷ್ಷನ್ನು ಕಪ್ಪಿನಲ್ಲಿ ಅದ್ದಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಅದೇ ಬಾಗು, ಅಕ್ಷರಕ್ಕೆ ಅದೇ ತುಂಬಿದ ಹೊಟ್ಟೆ. ನಾಗಶ್ರೀಯ ಉಸಿರು ಸಡಿಲವಾಯಿತು.

'ಚಿ. ಸೌ.' ಎಂದು ಬರೆದು, ಬ್ರಷ್ಷೆತ್ತಿ ಕಾದರು.

"ಹೆಣ್ಣಿನ ಹೆಸ್ರು ಹೇಳವ್ವ," ಎಂದರು.

ಜಾಕಿಯಾ ಚೀಟಿಯತ್ತ ನೋಡಿದಳು, ಆಮೇಲೆ ಅಪ್ಪನತ್ತ. ಬ್ರಷ್ಷಿನ ತುದಿಯಲ್ಲಿ ಕಪ್ಪು ತುಂಬಿಕೊಂಡು ಜಾರತೊಡಗಿತು. ಅವಳು ಬಂದು, ಹಾಳೆಗೆ ಬೀಳದ ಹಾಗೆ ಅದರ ಕೆಳಗೆ ಅಂಗೈ ಒಡ್ಡಿ ನಿಂತಳು.