ಅಂಜಿದ ಜೀವದ ಖಂಡ

ಹೆಂಡತಿ ಕಾಡವ್ವ ತೀರಿಕೊಂಡ ಮೇಲೆ ಗುರುಸಿದ್ದ ಲೋಂಡಾ ಹತ್ತಿರದ ಊರು ಬಿಟ್ಟು, ಬೆಳಗಾವಿಯ ಶಹಾಪುರದಲ್ಲಿದ್ದ ಮಗಳ ಮನೆಗೆ ಬಂದ. ಮಗಳು ಮಾಯಾ ನೆಹರು ನಗರದ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಸರಿಯಾಗಿ ಉಣ್ಣುತ್ತಿರಲಿಲ್ಲ, ಸತ್ತ ಹೆಂಡತಿಯ ಹೆಸರೂ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, "ನಿಮ್ಮವ್ವನ ಕೈಯಾಗಿನ ಕಾಡಹಂದಿ ಸಾರು ಉಣಬೇಕನಸೇತಿ" ಅಂದ.

ಈ ಮಾತು ಊರಲ್ಲಿದ್ದ, ಗುರುಸಿದ್ದನ ಅಣ್ಣನ ಮಗ ಸುಜಯನ ಕಿವಿಗೂ ಬಿತ್ತು. ರವಿವಾರ ಅವನು ಡಬ್ಬಿ ಹಿಡಿದು ಬಂದ. "ಯಾರ ಮುಂದೂ ಆಡಬ್ಯಾಡವಾ, ಫಾರೆಸ್ಟಿನವರಿಗೆ ಗೊತ್ತಾದ್ರ ಕೇಸ್ ಆಗತೈತಿ" ಎಂದ.

ಮಾಯಾ ಮನಸ್ಸಿಲ್ಲದೆಯೇ ಡಬ್ಬಿ ತೆರೆದಳು. ಖಂಡ ಕಪ್ಪಗಿತ್ತು, ಬೆರಳಿಗೆ ಅಂಟುತ್ತಿತ್ತು. ಅವ್ವನ ಹಾಗೆಯೇ ಒಣಕೊಬ್ಬರಿ ಸುಟ್ಟು ಅರೆದು ಸಾರು ಮಾಡಿದಳು. ಗುರುಸಿದ್ದ ಒಂದು ತುಣುಕು ಬಾಯಿಗಿಟ್ಟು ಅಗಿಯುತ್ತಲೇ ಕೂತ.

"ಮಸಾಲಿ ಹದಾ ತಪ್ಪೇತೇನಪಾ?"

"ಇಲ್ಲವಾ, ಮಸಾಲಿ ಅಕಿದ ಐತಿ." ಸುಜಯನ ಕಡೆ ತಿರುಗಿದ. "ಹೆಂಗ ಹಿಡದ್ರಿ?"

"ನಾಯಿ ಬಿಟ್ಟಿದ್ವಿ ಕಾಕಾ. ಮುಂಜಾನಿಂದ ಓಡಿಸಿ ಓಡಿಸಿ, ಮಧ್ಯಾಹ್ನ ಹಳ್ಳದಾಗ ಸಾಕಾಗಿ ಬಿತ್ತು."

ಗುರುಸಿದ್ದ ತಾಟು ಸರಿಸಿದ.

"ನಾನೂ ಲಗ್ನಾದ ಹೊಸದಾಗಿ ಹಂಗ ತಂದಿದ್ದೆ. ಅಕಿ ಖಂಡ ಮುಟ್ಟಿ ನೋಡಿ, 'ಇದು ಭಾಳ ಅಂಜಿ ಸತ್ತೈತಿ, ಮೈಯಾಗಿನ ಕಸುವೆಲ್ಲ ಓಡೂದ್ರಾಗ ತೀರೇತಿ, ಇನ್ನ ರುಚಿ ಎಲ್ಲಿಂದ ಬರಬೇಕು' ಅಂದ್ಲು. ಅಡಗಿ ಮಾಡಿ ಬಡಿಸಿದ್ಲು, ತಾ ಉಣಲಿಲ್ಲ."

ಅಂದಿನಿಂದ ಗುರುಸಿದ್ದ ಬೇಟೆಗೆ ನಾಯಿ ಬಿಡಲಿಲ್ಲ. ಗಾಳಿಗೆ ಎದುರಾಗಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಪ್ರಾಣಿ ನಿಶ್ಚಿಂತೆಯಿಂದ ಮೇಯುತ್ತಿದ್ದರೆ ಮಾತ್ರ ಗುಂಡು. ತಲೆಯೆತ್ತಿ ಇತ್ತ ನೋಡಿತೆಂದರೆ ಬಂದೂಕು ಕೆಳಗೆ. ಎಷ್ಟೋ ಸಲ ಬರಿಗೈಲಿ ಬಂದದ್ದನ್ನೂ ಹೇಳಿದ.

"ಬರಿಗೈಲೆ ಬಂದ್ರ ಅವ್ವ ಬೈತಿದ್ಲೇನು?" ಮಾಯಾ ಕೇಳಿದಳು.

"ಬೈಯೂದೇನು! ಬಾಗಲದಾಗ ನಿಂತು ನಗತಿದ್ಲು. 'ನೋಡಿಬಿಡ್ತೇನು ನಿಮ್ಮನ್ನ?' ಅಂತಿದ್ಲು. ಮಜ್ಜಿಗಿ ಕೊಟ್ಟು ಬಾಜು ಕುಂದರತಿದ್ಲು. ಅದು ಎಲ್ಲಿ ನಿಂತಿತ್ತು, ಎಷ್ಟು ಮರಿ ಇದ್ವು, ಎಲ್ಲಾ ಹೇಳಬೇಕು. ಖರೇ ಹೇಳ್ತೀನಿ, ಬ್ಯಾಟಿ ಸಿಕ್ಕ ದಿನ ಅಕಿಗೆ ಒಲಿ ಮುಂದಿಂದ ಏಳಾಕ ಪುರಸೊತ್ತ ಇರತಿರಲಿಲ್ಲ. ಸಿಗದ ದಿನಾನ ಚಲೋ ಇರತಿತ್ತು."



"ನನಗೂ ಹಂಗ ಕಾಯೂದು ಕಲಸ್ರಿ ಕಾಕಾ" ಅಂದ ಸುಜಯ.

"ಬ್ಯಾಡಪಾ. ಆಗೂ ಕಾನೂನಿತ್ತು, ನಾವ ಕದ್ದು ಮಾಡಿದ್ವಿ. ಈಗ ಅವು ಇದ್ದಷ್ಟ ದಿನ ಇರಲಿ. ನಾಯಿ ಕಟ್ಟಿ ಹಾಕು."

ಸುಜಯ ತಲೆಯಾಡಿಸಿ, ಖಾಲಿ ಡಬ್ಬಿ ತೊಗೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟ.

ಮಾಯಾ ಅನ್ನಕ್ಕೆ ಬೇಳೆ ಸಾರು ಹಾಕಿಕೊಟ್ಟಳು. ಗುರುಸಿದ್ದ ಉಂಡ. ಉಣ್ಣುತ್ತ, ಮದುವೆಗೆ ಮೊದಲು ಕುರಿ ಕಾಯುತ್ತಿದ್ದ ಕಾಡವ್ವನನ್ನು ತಾನು ಮೊದಲು ಎಲ್ಲಿ ಕಂಡದ್ದೆಂದು ಹೇಳತೊಡಗಿದ. ಮಗಳು ಆ ಕತೆ ಎಂದೂ ಕೇಳಿರಲಿಲ್ಲ. ತನ್ನ ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಕೈ ಕಟ್ಟಿ ಕೂತು ಕೇಳಿದಳು.